ಸಾಲ ವಸೂಲಿ ದಾವೆಯ ಸಮನ್ಸ್ ಬಂದಾಗ: ಕಾಗದ ಕೈಸೇರಿದ ದಿನದಿಂದ ಅಮಲ್ಜಾರಿಯವರೆಗೆ ಮಾಡಬೇಕಾದ ಕೆಲಸಗಳು

ಸಾಲ ವಸೂಲಿ ದಾವೆಗಳಲ್ಲಿ ಪ್ರತಿವಾದಿಗಳು ಸೋಲುವುದು ಹೆಚ್ಚಾಗಿ ಸಾಲದ ಕಾರಣದಿಂದಲ್ಲ, ಗೈರುಹಾಜರಿಯಿಂದ. "ಹಣ ಪಡೆದದ್ದು ನಿಜ, ಇನ್ನು ಕೋರ್ಟಿಗೆ ಹೋಗಿ ಹೇಳುವುದೇನಿದೆ" ಎಂದು ಮನೆಯಲ್ಲೇ ಉಳಿದವರ ವಿರುದ್ಧ, ವಾದಿ ಬರೆದುಕೊಂಡ ಮೊತ್ತ, ಬಡ್ಡಿ ಮತ್ತು ಖರ್ಚುಗಳ ಬಗ್ಗೆ ಎದುರು ಪ್ರಶ್ನೆಯೇ ಇಲ್ಲದೆ ಡಿಕ್ರಿ (ಹಣ ಕೊಡಬೇಕೆಂಬ ನ್ಯಾಯಾಲಯದ ಆದೇಶ) ಆಗುತ್ತದೆ, ಅದರಂತೆ ಹಣ ವಸೂಲು ಮಾಡುವುದೇ ಅಮಲ್ಜಾರಿ. ಸಾಲ ಇರುವುದು ಬೇರೆ, ಕೇಳಿದಷ್ಟೂ ಬಾಕಿ ಇರುವುದು ಬೇರೆ, ಅದನ್ನು ಕೇಳುವ ಹಕ್ಕು ಈಗಲೂ ಉಳಿದಿರುವುದು ಮತ್ತೂ ಬೇರೆ. ಭಾರತದ ಸಿವಿಲ್ ನ್ಯಾಯಾಲಯಗಳಲ್ಲಿ ವೈಯಕ್ತಿಕ ಸಾಲ, ಕ್ರೆಡಿಟ್ ಕಾರ್ಡ್ ಬಾಕಿ, ಕೈಸಾಲ ಮತ್ತು ಪ್ರಾಮಿಸರಿ ನೋಟುಗಳ (ಹಣ ಕೊಡುತ್ತೇನೆಂದು ಸಹಿ ಮಾಡಿದ ಪತ್ರಗಳ) ಮೇಲೆ ಹೂಡುವ ಹಣದ ದಾವೆಗಳಿಗೆ ಈ ಕ್ರಮ ಅನ್ವಯಿಸುತ್ತದೆ. ಹಂತಗಳ ಅನುಕ್ರಮವನ್ನು ಬದಲಿಸಬೇಡಿ. ಮೊದಲು ಗಡುವು, ಆಮೇಲೆ ಲೆಕ್ಕ, ಕೊನೆಗೆ ರಾಜಿ.

ಹಂತ 1: ಬಂದಿರುವ ಕಾಗದ ಯಾವುದೆಂದು ಗುರುತಿಸಿ

ಸಾಲದ ವಿಷಯದಲ್ಲಿ ಮನೆಗೆ ಬರುವ ಕಾಗದಗಳೆಲ್ಲ ಒಂದೇ ರೀತಿ ಕಾಣುತ್ತವೆ, ಆದರೆ ಒಂದೊಂದರ ಗಡುವೂ ಪರಿಣಾಮವೂ ಬೇರೆ. ವಕೀಲರ ನೋಟಿಸು ನ್ಯಾಯಾಲಯದ ಆದೇಶವಲ್ಲ. ಸಿವಿಲ್ ಸಮನ್ಸಿನಲ್ಲಿ ನ್ಯಾಯಾಲಯದ ಹೆಸರು, ದಾವೆಯ ಸಂಖ್ಯೆ, ಹಾಜರಾಗಬೇಕಾದ ದಿನಾಂಕ ಮತ್ತು ಮೊಹರು ಇರುತ್ತವೆ, ಜೊತೆಗೆ ವಾದಿ ನ್ಯಾಯಾಲಯಕ್ಕೆ ಸಲ್ಲಿಸಿದ ವಾದಪತ್ರದ ಪ್ರತಿಯೂ ಇರಬೇಕು.

ಚೆಕ್ ಅಮಾನ್ಯವಾದ ಬಗ್ಗೆ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 138ನೇ ಕಲಮಿನಡಿ ಬರುವ ನೋಟಿಸಿಗೆ, ಅದು ಕೈಸೇರಿದ 15 ದಿನಗಳೊಳಗೆ ಹಣ ಕೊಡಬೇಕೆಂಬ ಗಡುವಿದೆ. ಆ ಬಳಿಕ ನಡೆಯುವುದು ಕ್ರಿಮಿನಲ್ ಪ್ರಕರಣ, ಅಲ್ಲಿ ಗೈರಾದರೆ ವಾರಂಟ್ ಹೊರಡುತ್ತದೆ. ಬ್ಯಾಂಕಿನ ಬಾಕಿ 20 ಲಕ್ಷ ರೂಪಾಯಿ ಅಥವಾ ಅದಕ್ಕಿಂತ ಹೆಚ್ಚಿದ್ದರೆ ಅರ್ಜಿ ಹೋಗುವುದು ಸಾಲ ವಸೂಲಾತಿ ನ್ಯಾಯಮಂಡಳಿಗೆ. ಈ ಎರಡೂ ದಾರಿಗಳು ಬೇರೆಯೇ, ಇಲ್ಲಿ ಹೇಳುವ ಕ್ರಮವನ್ನು ಅಲ್ಲಿಗೆ ಒಯ್ಯಬೇಡಿ.

ಆರ್ಬಿಟ್ರೇಟರ್ (ನ್ಯಾಯಾಲಯದ ಹೊರಗೆ ವಿವಾದ ತೀರ್ಮಾನಿಸುವ ಮಧ್ಯಸ್ಥ) ಹೆಸರಿನಲ್ಲಿ ಬರುವ ಪತ್ರವನ್ನು ಜನ ಹೆಚ್ಚಾಗಿ ಕಸದ ಬುಟ್ಟಿಗೆ ಹಾಕುತ್ತಾರೆ, ಅದು ದೊಡ್ಡ ತಪ್ಪು. ಹಣಕಾಸು ಸಂಸ್ಥೆಗಳ ಸಾಲದ ಒಪ್ಪಂದಗಳಲ್ಲಿ ಆರ್ಬಿಟ್ರೇಷನ್ ಷರತ್ತು ಸಾಮಾನ್ಯವಾಗಿದ್ದು, ಅಲ್ಲಿ ಹೊರಡುವ ಐತೀರ್ಪನ್ನು ನ್ಯಾಯಾಲಯದ ಡಿಕ್ರಿಯಂತೆಯೇ ಜಾರಿ ಮಾಡಬಹುದು. ಹಿತಾಸಕ್ತಿಯುಳ್ಳ ಪಕ್ಷವೊಂದೇ ತನ್ನಿಚ್ಛೆಯಂತೆ ಏಕಮಾತ್ರ ಆರ್ಬಿಟ್ರೇಟರನ್ನು ನೇಮಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2019ರಲ್ಲಿ ಹೇಳಿರುವುದರಿಂದ, ಅಂಥ ನೇಮಕವಾಗಿದ್ದರೆ ಬರವಣಿಗೆಯಲ್ಲಿ ಕೂಡಲೇ ಆಕ್ಷೇಪಿಸಿ. ಐತೀರ್ಪು ಆಗಿಹೋಗಿದ್ದರೆ ಅದರ ಪ್ರತಿ ಕೈಸೇರಿದ 3 ತಿಂಗಳೊಳಗೆ ಪ್ರಶ್ನಿಸಬೇಕು, ತಕ್ಕ ಕಾರಣವಿದ್ದರೆ ಇನ್ನು 30 ದಿನ ಸಿಗಬಹುದು, ಅದರಾಚೆಗೆ ಒಂದು ದಿನವೂ ಇಲ್ಲ.

ಎಚ್ಚರಿಕೆಯ ಲಕ್ಷಣ: ವಾಟ್ಸ್‌ಆ್ಯಪಿನಲ್ಲಿ ಬಂದ "ಕೋರ್ಟ್ ಆದೇಶ"ದಲ್ಲಿ ಪ್ರಕರಣ ಸಂಖ್ಯೆ ಇಲ್ಲದಿದ್ದರೆ, ಅಥವಾ "ಇಂದು ಸಂಜೆಯೊಳಗೆ ಹಣ ಹಾಕದಿದ್ದರೆ ಬಂಧನ" ಎಂದು ಬರೆದಿದ್ದರೆ, ಅದು ಬೆದರಿಕೆಯೇ ಹೊರತು ಆದೇಶವಲ್ಲ. ಇ-ಕೋರ್ಟ್ಸ್ ಜಾಲತಾಣದಲ್ಲಾಗಲಿ ಆ್ಯಪಿನಲ್ಲಾಗಲಿ ಪ್ರತಿ ಪ್ರಕರಣಕ್ಕೂ ಕೊಡುವ 16 ಅಕ್ಷರಾಂಕಿಗಳ ಸಿಎನ್ಆರ್ ಸಂಖ್ಯೆಯಿಂದ ಅಥವಾ ನಿಮ್ಮ ಹೆಸರಿನಿಂದ ಹುಡುಕಿ, ಪ್ರಕರಣ ನಿಜವಾಗಿಯೂ ದಾಖಲಾಗಿದೆಯೇ ಎಂದು ಖಚಿತಪಡಿಸಿಕೊಳ್ಳಿ.

ಹಂತ 2: ತಲುಪಿದ ದಿನಾಂಕ ಬರೆದಿಟ್ಟು ಗಡುವು ಎಣಿಸಿ

ಸಮನ್ಸನ್ನು ಬೇಡವೆಂದು ಹಿಂತಿರುಗಿಸುವುದರಿಂದ ದಾವೆ ನಿಲ್ಲುವುದಿಲ್ಲ. ನಿರಾಕರಿಸಿದರೆ ಜಾರಿಯಾಗಿದೆ ಎಂದೇ ನ್ಯಾಯಾಲಯ ಪರಿಗಣಿಸಬಹುದು. ನೀವು ಮನೆಯಲ್ಲಿ ಇಲ್ಲದಾಗ ಕುಟುಂಬದ ವಯಸ್ಕ ಸದಸ್ಯರು ಪಡೆದರೂ ಅದು ನಿಮಗೆ ತಲುಪಿದಂತೆ. ಹಾಗಾಗಿ ಪಡೆದುಕೊಳ್ಳಿ, ಲಕೋಟೆಯನ್ನು ಎಸೆಯದೆ ಅದರ ಮೇಲೆ ತಲುಪಿದ ದಿನಾಂಕ ಬರೆದು, ಅಂಚೆ ಮುದ್ರೆ ಕಾಣುವಂತೆ ಫೋಟೋ ತೆಗೆದಿಡಿ. ಮುಂದೆ ನಿಮ್ಮ ಗೈರಿನಲ್ಲಿ ಆದ ಏಕಪಕ್ಷೀಯ ಡಿಕ್ರಿಯನ್ನು ರದ್ದುಪಡಿಸಬೇಕಾಗಿ ಬಂದರೆ ಈ ಲಕೋಟೆಯೇ ಸಾಕ್ಷಿ.

ಆಮೇಲೆ ಸಮನ್ಸಿನಲ್ಲಿ "ಆದೇಶ 37" ಎಂಬ ಉಲ್ಲೇಖವಿದೆಯೇ ನೋಡಿ. ಇಡೀ ಕಾಗದದಲ್ಲಿ ಎಲ್ಲಕ್ಕಿಂತ ಮೊದಲು ಓದಬೇಕಾದದ್ದು ಅದನ್ನೇ. ಸಿವಿಲ್ ಪ್ರಕ್ರಿಯಾ ಸಂಹಿತೆ, 1908ರ 37ನೇ ಆದೇಶ ಸಂಕ್ಷಿಪ್ತ ದಾವೆಗಳಿಗೆ ಸಂಬಂಧಿಸಿದ್ದು, ಪ್ರಾಮಿಸರಿ ನೋಟು ಅಥವಾ ಲಿಖಿತ ಒಪ್ಪಂದದ ಮೇಲಿನ ನಿಶ್ಚಿತ ಮೊತ್ತಕ್ಕೆ ಇದನ್ನು ಬಳಸುತ್ತಾರೆ. ಇಲ್ಲಿ ಗಡುವುಗಳು ಎರಡು. ಸಮನ್ಸ್ ಜಾರಿಯಾದ 10 ದಿನಗಳೊಳಗೆ ಹಾಜರಾತಿ ದಾಖಲಿಸಿ, ನೋಟಿಸು ಕಳುಹಿಸಬೇಕಾದ ವಿಳಾಸ ಕೊಟ್ಟು, ಅದೇ ದಿನ ವಾದಿಯ ಕಡೆಗೂ ತಿಳಿಸಬೇಕು. ಆ ಬಳಿಕ ವಾದಿಯು ತೀರ್ಪಿಗಾಗಿ ಇನ್ನೊಂದು ಸಮನ್ಸ್ ಜಾರಿ ಮಾಡುತ್ತಾನೆ, ಅದು ತಲುಪಿದ 10 ದಿನಗಳೊಳಗೆ ಪ್ರಮಾಣಪತ್ರದ (ಅಫಿಡವಿಟ್) ಸಮೇತ "ಪ್ರತಿವಾದ ಹೂಡಲು ಅನುಮತಿ" ಕೋರಿ ಅರ್ಜಿ ಹಾಕಬೇಕು. ಮೊದಲನೆಯದನ್ನು ಮಾಡಿ ಎರಡನೆಯದನ್ನು ಮರೆತವರೂ ಡಿಕ್ರಿಗೆ ಒಳಗಾಗುತ್ತಾರೆ. ಆ ಪ್ರಮಾಣಪತ್ರದಲ್ಲಿ "ಹಣ ಬಾಕಿ ಇಲ್ಲ" ಎಂದಷ್ಟೇ ಬರೆದರೆ ಸಾಲದು, ವಿಚಾರಣೆಗೆ ಯೋಗ್ಯವಾದ ಅಂಶ ಯಾವುದು, ಅದಕ್ಕೆ ಯಾವ ದಾಖಲೆ ಇದೆ ಎಂಬುದನ್ನು ತೋರಿಸಬೇಕು.

ಸಾಮಾನ್ಯ ದಾವೆಯಾದರೆ, ವಾದಪತ್ರಕ್ಕೆ ನೀವು ಕೊಡುವ ಉತ್ತರವಾದ ಲಿಖಿತ ಹೇಳಿಕೆಗೆ 30 ದಿನ, ಕಾರಣ ತೋರಿಸಿದರೆ ಒಟ್ಟು 90 ದಿನಗಳವರೆಗೆ ಅವಕಾಶವಿದೆ, ಅದರಾಚೆಗೆ ಅಸಾಧಾರಣ ಸಂದರ್ಭಗಳಲ್ಲಿ ಮಾತ್ರ. ದಾವೆ ವಾಣಿಜ್ಯ ನ್ಯಾಯಾಲಯದಲ್ಲಿದ್ದರೆ 120 ದಿನ ದಾಟಿದ ಮೇಲೆ ನ್ಯಾಯಾಧೀಶರಿಗೂ ಅವಕಾಶ ಕೊಡುವ ಅಧಿಕಾರವಿಲ್ಲ.

ಹಂತ 3: ಹಾಜರಾಗಿ, ದಾಖಲೆಗಳ ಪೂರ್ತಿ ಪ್ರತಿ ಪಡೆಯಿರಿ

ಮೊದಲ ದಿನ ವಕೀಲರ ಮೂಲಕ ವಕಾಲತ್ತು ಹಾಕಿಸಿ, ಅಥವಾ ಸ್ವತಃ ಹಾಜರಾಗಿ ಸಮಯ ಕೋರಿ. ವಕೀಲರನ್ನು ನೇಮಿಸಿಕೊಳ್ಳುವ ಶಕ್ತಿ ಇಲ್ಲದಿದ್ದರೆ ತಾಲ್ಲೂಕು ಅಥವಾ ಜಿಲ್ಲಾ ಕಾನೂನು ಸೇವೆಗಳ ಕಚೇರಿಯಲ್ಲಿ ಅರ್ಜಿ ಕೊಡಿ. ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು ಆದಾಯ ಎಷ್ಟೇ ಇದ್ದರೂ ಉಚಿತ ನೆರವಿಗೆ ಅರ್ಹರು, ಉಳಿದ ಹಲವರಿಗೆ ಆದಾಯ ಮಿತಿ ಇದೆ. ರಾಷ್ಟ್ರೀಯ ಕಾನೂನು ಸೇವೆಗಳ ಪ್ರಾಧಿಕಾರದ ಸಹಾಯವಾಣಿ 15100.

ಈ ಹಂತದಲ್ಲಿ ಆಗುವ ಅನಾಹುತ ಒಂದೇ ಮಾದರಿಯದು. ವಸೂಲಿಗಾರ ಕರೆ ಮಾಡಿ "ಕೋರ್ಟಿಗೆ ಬರುವುದೇನೂ ಬೇಡ, ಎರಡು ಕಂತು ಕಟ್ಟಿ, ಕೇಸು ವಾಪಸ್ ತೆಗೆದುಕೊಳ್ಳುತ್ತೇವೆ" ಎನ್ನುತ್ತಾನೆ. ನೀವು ಕಟ್ಟುತ್ತೀರಿ, ಅತ್ತ ನಿಮ್ಮನ್ನು ಕೂಗಿದಾಗ ಯಾರೂ ಇಲ್ಲದೆ ಪ್ರಕರಣ ಏಕಪಕ್ಷೀಯವಾಗುತ್ತದೆ. ದಾವೆ ಹಿಂತೆಗೆದ ಆದೇಶವನ್ನು ಕಣ್ಣಾರೆ ಕಾಣುವವರೆಗೆ ಪ್ರತಿ ವಾಯಿದೆಗೂ ನಿಮ್ಮ ಕಡೆಯವರು ಹಾಜರಿರಬೇಕು. ಒಂದು ವಾಯಿದೆ ತಪ್ಪಿ "ಪ್ರತಿವಾದಿ ಗೈರು, ಏಕಪಕ್ಷೀಯ" ಎಂಬ ಆದೇಶ ಆಗಿದ್ದು ತೀರ್ಪು ಇನ್ನೂ ಹೊರಬೀಳದಿದ್ದರೆ, ಅದೇ ಸಿವಿಲ್ ಪ್ರಕ್ರಿಯಾ ಸಂಹಿತೆಯ 9ನೇ ಆದೇಶದ 7ನೇ ನಿಯಮದಡಿ ಕಾರಣ ತೋರಿಸಿ ಆ ಆದೇಶವನ್ನು ಹಿಂಪಡೆಯುವಂತೆ ಕೂಡಲೇ ಕೋರಬಹುದು. ಡಿಕ್ರಿಯಾದ ಮೇಲಿನ ಹೋರಾಟಕ್ಕಿಂತ ಇದು ಎಷ್ಟೋ ಸುಲಭ.

ಹಂತ 4: ಕಾಲಮಿತಿಯನ್ನು ಪರೀಕ್ಷಿಸಿ

ಹಣದ ದಾವೆಗೆ ಕಾಲಮಿತಿ ಕಾಯ್ದೆ, 1963ರ ಪ್ರಕಾರ ಸಾಮಾನ್ಯವಾಗಿ ಮೂರು ವರ್ಷ. ಕೇಳಿದಾಗ ಕೊಡಬೇಕೆಂದು ಬರೆದ ಪ್ರಾಮಿಸರಿ ನೋಟಿಗೆ ಅದನ್ನು ಬರೆದ ದಿನದಿಂದಲೇ ಲೆಕ್ಕ, ವಾದಿ ಕೇಳಿದ ದಿನದಿಂದಲ್ಲ. ಕಂತಿನ ಸಾಲದಲ್ಲಿ ತಪ್ಪಿದ ಪ್ರತಿ ಕಂತಿಗೂ ಗಡುವು ಪ್ರತ್ಯೇಕವಾಗಿ ಓಡುತ್ತದೆ, ಆದರೆ ಒಂದು ಕಂತು ತಪ್ಪಿದರೆ ಪೂರ್ತಿ ಸಾಲ ಕೇಳುವ ಷರತ್ತು ಒಪ್ಪಂದದಲ್ಲಿದ್ದರೆ ಎಣಿಕೆ ಬದಲಾಗುತ್ತದೆ. ಸ್ಥಿರಾಸ್ತಿ ಅಡಮಾನದ ಮೇಲಿನ ಸಾಲಕ್ಕೆ 12 ವರ್ಷ ಇರುವುದರಿಂದ ಮೂರು ವರ್ಷದ ವಾದ ಅಲ್ಲಿ ನಡೆಯದು.

ಹಳೆಯ ಸಾಲವಾದರೆ ಕೋವಿಡ್ ಅವಧಿಯನ್ನು ಮರೆಯಬೇಡಿ. 2020ರ ಮಾರ್ಚ್ 15ರಿಂದ 2022ರ ಫೆಬ್ರುವರಿ 28ರವರೆಗಿನ ಅವಧಿಯನ್ನು ಕಾಲಮಿತಿಯ ಲೆಕ್ಕದಿಂದ ಕಳೆಯಬೇಕೆಂದು ಸುಪ್ರೀಂ ಕೋರ್ಟ್ ಆದೇಶಿಸಿದೆ. 2019ರ ಜೂನ್ 1ರಂದು ಬರೆದ ನೋಟಿನ ಗಡುವು ಸಾಮಾನ್ಯ ಲೆಕ್ಕದಲ್ಲಿ 2022ರ ಜೂನ್ ಆರಂಭಕ್ಕೆ ಮುಗಿಯಬೇಕಿತ್ತು, ಈ ಅವಧಿ ಕಳೆದರೆ ಅದು 2024ರ ಮೇ ಮಧ್ಯದವರೆಗೆ ಉಳಿಯುತ್ತದೆ. "ಮೂರು ವರ್ಷ ದಾಟಿತು" ಎಂದು ನಿಶ್ಚಿಂತರಾಗಿ ಕುಳಿತವರು ಇಲ್ಲಿಯೇ ಎಡವುತ್ತಾರೆ.

ಗಡುವು ಮುಗಿಯುವ ಮೊದಲು ನೀವು ಸಹಿ ಮಾಡಿ ಬಾಕಿ ಒಪ್ಪಿಕೊಂಡಿದ್ದರೆ ಆ ದಿನದಿಂದ ಹೊಸ ಮೂರು ವರ್ಷ ಆರಂಭವಾಗುತ್ತದೆ. ಗಡುವಿನೊಳಗೆ ಭಾಗಶಃ ಹಣ ಕಟ್ಟಿ, ಅದಕ್ಕೆ ನಿಮ್ಮ ಕೈಬರಹದ ಅಥವಾ ಸಹಿಯ ದಾಖಲೆ ಇದ್ದರೂ ಹಾಗೆಯೇ. ಗಡುವು ಮುಗಿದ ಮೇಲೆ ಕಟ್ಟಿದ ಚಿಲ್ಲರೆ ಹಣ ಮಾತ್ರದಿಂದ ಸಾಲ ಮರುಜೀವ ಪಡೆಯುವುದಿಲ್ಲ, ಆದರೆ "ಕೊಡುತ್ತೇನೆ" ಎಂದು ಸಹಿ ಮಾಡಿದ ಬರಹವಿದ್ದರೆ ಕರಾರು ಕಾಯ್ದೆಯ 25(3)ನೇ ಕಲಮಿನಡಿ ಅದು ಹೊಸ ಕರಾರೇ ಆಗುತ್ತದೆ. ಹಳೆಯ ಬಾಕಿಗೆ "ಖಾತೆ ನವೀಕರಣ", "ಬಾಕಿ ದೃಢೀಕರಣ" ಎಂಬ ಹೆಸರಿನ ಕಾಗದಕ್ಕೆ ಸಹಿ ಕೇಳಿದರೆ, ಕೇಳುತ್ತಿರುವ ಕಾರಣ ಇದೇ ಎಂದು ತಿಳಿಯಿರಿ.

ಹಂತ 5: ಯಾರು ಕೇಳುತ್ತಿದ್ದಾರೆ, ಎಷ್ಟು ಕೇಳುತ್ತಿದ್ದಾರೆ ಎಂಬುದನ್ನು ಬಿಡಿಸಿ ನೋಡಿ

ಬೇಕಾದ ಸಾಮಗ್ರಿ ಇಷ್ಟು: ಸಾಲದ ಒಪ್ಪಂದ, ಮಂಜೂರಾತಿ ಪತ್ರ, ಕಂತುಗಳ ಪಟ್ಟಿ, ಸಾಲ ಆರಂಭವಾದ ದಿನದಿಂದ ವಾದಿಯ ಖಾತೆಯ ವಿವರ, ಅದೇ ಅವಧಿಯ ನಿಮ್ಮ ಬ್ಯಾಂಕ್ ಸ್ಟೇಟ್‌ಮೆಂಟ್, ನಗದು ರಸೀದಿಗಳು. ಒಂದು ಉದ್ದನೆಯ ಹಾಳೆಯಲ್ಲಿ ದಿನಾಂಕ, ಕಟ್ಟಿದ ಹಣ, ವಾದಿಯ ಲೆಕ್ಕದಲ್ಲಿ ಜಮೆಯಾದ ಹಣ, ವ್ಯತ್ಯಾಸ ಎಂಬ ನಾಲ್ಕು ಅಂಕಣ ಎಳೆದು ಸಾಲುಸಾಲಾಗಿ ತುಂಬಿ. ಬೇಸರದ ಕೆಲಸ ನಿಜ. ಆದರೆ ಮುಂದೆ ಪಾಟೀಸವಾಲಿಗೂ ರಾಜಿ ಮಾತುಕತೆಗೂ ಆಧಾರವಾಗುವುದು ಇದೊಂದೇ ಹಾಳೆ.

ವ್ಯತ್ಯಾಸ ಸಿಗುವ ಜಾಗಗಳು ಸಾಮಾನ್ಯವಾಗಿ ಇವೇ: ವಸೂಲಿಗಾರನ ಕೈಗೆ ಕೊಟ್ಟು ಜಮೆಯಾಗದ ನಗದು, ಒಪ್ಪಂದದಲ್ಲಿ ಇಲ್ಲದ ಶುಲ್ಕಗಳು, ದಂಡದ ಮೇಲೆ ಮತ್ತೆ ಹಾಕಿದ ಬಡ್ಡಿ. ಕಂತು ತಪ್ಪಿದ್ದಕ್ಕೆ ವಿಧಿಸುವುದನ್ನು ಬಡ್ಡಿದರಕ್ಕೆ ಸೇರಿಸದೆ ಪ್ರತ್ಯೇಕ ದಂಡ ಶುಲ್ಕವಾಗಿ ಮಾತ್ರ ವಿಧಿಸಬೇಕು, ಅದನ್ನು ಅಸಲಿಗೆ ಸೇರಿಸಿ ಮತ್ತೆ ಬಡ್ಡಿ ಹಾಕಬಾರದು ಎಂದು ರಿಸರ್ವ್ ಬ್ಯಾಂಕ್ 2023ರ ಆಗಸ್ಟ್‌ನಲ್ಲಿ ಸೂಚಿಸಿದ್ದು, ಆ ನಿಯಮ 2024ರ ಏಪ್ರಿಲ್ 1ರಿಂದ ಹೊಸ ಸಾಲಗಳಿಗೆ ಜಾರಿಗೆ ಬಂದಿದೆ. "ಬಡ್ಡಿಯೇ ವಿಪರೀತ" ಎಂಬ ವಾದ ಮಾತ್ರ ಬ್ಯಾಂಕಿನ ವಿರುದ್ಧ ಹೆಚ್ಚು ಫಲ ಕೊಡದು. ಬಡ್ಡಿ ಅತಿಯಾಯಿತೆಂಬ ಕಾರಣಕ್ಕೆ ಬ್ಯಾಂಕಿನ ಲೆಕ್ಕವನ್ನು ಮತ್ತೆ ತೆರೆಯದಂತೆ ಬ್ಯಾಂಕಿಂಗ್ ನಿಯಂತ್ರಣ ಕಾಯ್ದೆಯ 21ಎ ಕಲಮು ನ್ಯಾಯಾಲಯಗಳನ್ನು ತಡೆಯುತ್ತದೆ. ಒಪ್ಪಂದದಲ್ಲಿ ಇಲ್ಲದ ದರ ಹಾಕಿದ್ದಾರೆ ಎಂಬುದು ಬೇರೆಯೇ ವಾದ, ಅದನ್ನು ಬಿಡಬೇಡಿ.

ದಾವೆ ಹೂಡಿದವರು ಸಾಲ ಕೊಟ್ಟವರೇ ಅಲ್ಲದಿದ್ದರೆ, ಸಾಲ ವರ್ಗಾವಣೆಯ ಪತ್ರ ಮತ್ತು ಅದರಲ್ಲಿ ನಿಮ್ಮ ಖಾತೆ ಸೇರಿದೆ ಎಂಬುದಕ್ಕೆ ಆಧಾರ ಕೇಳಿ. ವಾದಪತ್ರಕ್ಕೆ ಸಹಿ ಹಾಕಿದ ಅಧಿಕಾರಿಗೆ ಅಧಿಕಾರಪತ್ರ ಇದೆಯೇ, ಗಣಕೀಕೃತ ಲೆಕ್ಕದ ಜೊತೆ ಕಾನೂನು ಕೇಳುವ ದೃಢೀಕರಣ ಪತ್ರ (ಸರ್ಟಿಫಿಕೇಟ್) ಲಗತ್ತಾಗಿದೆಯೇ ಎಂಬುದನ್ನೂ ನೋಡಿ. ಖಾಸಗಿ ಲೇವಾದೇವಿಗಾರರಾದರೆ ಸಾಲ ಕೊಟ್ಟಾಗ ಪರವಾನಗಿ ಇತ್ತೇ ಎಂಬ ಪ್ರಶ್ನೆ ಕರ್ನಾಟಕದಲ್ಲಿ ಬಹಳ ಮುಖ್ಯ, ಏಕೆಂದರೆ ಇಲ್ಲಿ ಲೇವಾದೇವಿಗೆ 1961ರ ಕಾಯ್ದೆಯಡಿ ಪರವಾನಗಿ ಕಡ್ಡಾಯ.

ಹಂತ 6: ಲಿಖಿತ ಹೇಳಿಕೆಯನ್ನು ಪ್ಯಾರಾವಾರು ಬರೆಯಿರಿ

ವಾದಪತ್ರದ ಪ್ರತಿ ಪ್ಯಾರಾಕ್ಕೂ ಪ್ರತ್ಯೇಕ ಉತ್ತರ ಬೇಕು. ನಿರ್ದಿಷ್ಟವಾಗಿ ನಿರಾಕರಿಸದ ಸಂಗತಿಯನ್ನು ಒಪ್ಪಿಕೊಂಡಂತೆ ಪರಿಗಣಿಸಬಹುದು ಎಂದು 8ನೇ ಆದೇಶ ಹೇಳುತ್ತದೆ. "ವಾದಪತ್ರದ ಎಲ್ಲ ಸಂಗತಿಗಳೂ ಸುಳ್ಳು" ಎಂಬ ಒಂದೇ ಸಾಲಿನ ಹೇಳಿಕೆ ನಿರಾಕರಣೆಯೇ ಅಲ್ಲ, ಜೊತೆಗೆ ನಿಮ್ಮ ಮೇಲಿನ ನಂಬಿಕೆಯನ್ನೂ ಕೆಡಿಸುತ್ತದೆ. ಸಾಲ ಪಡೆದದ್ದು ನಿಜವಾದರೆ ಅದನ್ನು ಒಪ್ಪಿ, ಎಷ್ಟು ಕಟ್ಟಿದ್ದೀರಿ, ಯಾವ ಮೊತ್ತ ವಿವಾದದಲ್ಲಿದೆ ಎಂದು ಅಂಕಿಗಳಲ್ಲಿ ಬರೆಯಿರಿ. ಸಹಿಯನ್ನೇ ಸುಳ್ಳಾಗಿ ಅಲ್ಲಗಳೆದು, ಕೊನೆಗೆ ಕೈಬರಹ ತಜ್ಞರ ವರದಿ ಬಂದಾಗ ಇಡೀ ಪ್ರತಿವಾದವೇ ಕುಸಿಯುವುದಕ್ಕಿಂತ ಇದು ಮೇಲು.

"ಖಾಲಿ ನೋಟಿಗೆ ಸಹಿ ಹಾಕಿಸಿಕೊಂಡರು" ಎಂಬುದು ಜನ ಬಹಳವಾಗಿ ನೆಚ್ಚುವ ಸಮರ್ಥನೆ, ಆದರೆ ಅದರ ಬಲ ಅಷ್ಟಕ್ಕಷ್ಟೆ. ಸಹಿ ಒಪ್ಪಿಕೊಂಡ ನೋಟಿನ ಹಿಂದೆ ಹಣ ಸಂದಿದೆ ಎಂದು ಕಾನೂನು ಊಹಿಸುತ್ತದೆ, ಸ್ಟಾಂಪು ಹಚ್ಚಿದ ಅಪೂರ್ಣ ನೋಟನ್ನು ತುಂಬಲು ಅದನ್ನು ಪಡೆದವರಿಗೆ ಅಧಿಕಾರವನ್ನೂ ಕೊಡುತ್ತದೆ. ಈ ಊಹೆಯನ್ನು ಮುರಿಯಲು ವಾದಿಗೆ ಅಷ್ಟು ಹಣ ಕೊಡುವ ಶಕ್ತಿ ಇರಲಿಲ್ಲ, ಖಾತೆಗೆ ಬಂದದ್ದು ಇಷ್ಟೇ ಎಂಬಂಥ ಸಂಗತಿಗಳು ಬೇಕು. ಅದಕ್ಕಿಂತ ಮೊದಲು ನೋಟಿನ ಮೇಲೆ ಕಾನೂನು ಕೇಳುವಷ್ಟು ಸ್ಟಾಂಪು ಇದೆಯೇ ನೋಡಿ. ಕೊರತೆ ಇದ್ದರೆ ಪ್ರಾಮಿಸರಿ ನೋಟನ್ನು ದಂಡ ಕಟ್ಟಿ ಸರಿಪಡಿಸುವ ದಾರಿ ಇಲ್ಲ. ಆದರೆ ನ್ಯಾಯಾಲಯ ನೋಟನ್ನು ಸಾಕ್ಷ್ಯವಾಗಿ ಸ್ವೀಕರಿಸಿ ಅದಕ್ಕೆ ನಿಶಾನೆ ಗುರುತು ಹಾಕುವ ಮೊದಲೇ ಆಕ್ಷೇಪ ಎತ್ತಬೇಕು.

ಕಾಲಮಿತಿ, ನ್ಯಾಯಾಲಯದ ವ್ಯಾಪ್ತಿ, ಆರ್ಬಿಟ್ರೇಷನ್ ಷರತ್ತು, ಇವುಗಳ ಆಕ್ಷೇಪಗಳನ್ನು ಮೊದಲ ಹೇಳಿಕೆಯಲ್ಲಿಯೇ ತನ್ನಿ. ಕೊನೆಗೆ ಸತ್ಯಾಪನೆ (ಬರೆದದ್ದು ನಿಜವೆಂಬ ದೃಢೀಕರಣ) ಮತ್ತು ಪ್ರಮಾಣಪತ್ರಕ್ಕೆ ಓದಿಯೇ ಸಹಿ ಮಾಡಿ.

ಹಂತ 7: ಈಗ ರಾಜಿ ಮಾತಾಡಿ

ಲಿಖಿತ ಹೇಳಿಕೆ ಸಲ್ಲಿಕೆಯಾದ ಮೇಲೆ ವಾದಿಯ ಧೋರಣೆ ಬದಲಾಗುವುದು ಸಹಜ, ಏಕೆಂದರೆ ಇನ್ನು ಅವರು ಸಾಕ್ಷಿ ಕರೆತಂದು ಲೆಕ್ಕ ರುಜುವಾತು ಮಾಡಬೇಕು. ಲೋಕ ಅದಾಲತ್‌ನಲ್ಲಿ ಮುಗಿದರೆ ಅವರು ಕಟ್ಟಿದ ನ್ಯಾಯಾಲಯ ಶುಲ್ಕವೂ ಮರಳುತ್ತದೆ. ಆದರೆ ಅಲ್ಲಿನ ಐತೀರ್ಪಿಗೆ ಮೇಲ್ಮನವಿ ಇಲ್ಲ, ಅದು ಡಿಕ್ರಿಗೆ ಸಮಾನ.

ಆದ್ದರಿಂದ ಸಹಿಗೆ ಮೊದಲು ಮೂರು ಸಾಲುಗಳನ್ನು ಹುಡುಕಿ. ಒಟ್ಟು ಮೊತ್ತ ಎಷ್ಟು ಮತ್ತು ಅದರಲ್ಲಿ ಮುಂದಿನ ಬಡ್ಡಿ ಸೇರಿದೆಯೇ. ಒಂದು ಕಂತು ತಪ್ಪಿದರೆ ಏನಾಗುತ್ತದೆ, ಅಂದರೆ ರಿಯಾಯಿತಿ ಪೂರ್ತಿ ರದ್ದಾಗಿ ಮೂಲ ಮೊತ್ತಕ್ಕೇ ಮರಳುತ್ತದೆಯೇ. ಪಾವತಿ ಮುಗಿದ ಮೇಲೆ ಕ್ರೆಡಿಟ್ ವರದಿಯಲ್ಲಿ ಖಾತೆ "ಕ್ಲೋಸ್ಡ್" ಎಂದಾಗುವುದೋ "ಸೆಟಲ್ಡ್" ಎಂದಾಗುವುದೋ. ಎರಡನೆಯದು ಮುಂದಿನ ಸಾಲಗಳಿಗೆ ಅಡ್ಡ ಬರುತ್ತದೆ. ಕಟ್ಟಲಾಗದ ಕಂತನ್ನು ಮುಜುಗರಕ್ಕೆ ಒಪ್ಪಿಕೊಳ್ಳಬೇಡಿ. ರಾಜಿ ಕೂಡದಿದ್ದರೂ, ತೀರ್ಪಿನ ಮೊತ್ತವನ್ನು ಕಂತುಗಳಲ್ಲಿ ಕಟ್ಟಲು ಅನುಮತಿಸುವಂತೆ 20ನೇ ಆದೇಶದ 11ನೇ ನಿಯಮದಡಿ ತೀರ್ಪಿಗೆ ಮೊದಲೇ ಕೋರಬಹುದು. ಡಿಕ್ರಿಯಾದ ಮೇಲೆ ಕೇಳಿದರೆ ಡಿಕ್ರಿದಾರನ, ಅಂದರೆ ಡಿಕ್ರಿ ಪಡೆದ ವಾದಿಯ, ಒಪ್ಪಿಗೆ ಬೇಕಾಗುತ್ತದೆ.

ಹಂತ 8: ಏಕಪಕ್ಷೀಯ ಡಿಕ್ರಿ ಆಗಿಬಿಟ್ಟಿದ್ದರೆ

ಮೊದಲ ಕೆಲಸ, ಡಿಕ್ರಿಯ ಮತ್ತು ಸಮನ್ಸ್ ಜಾರಿ ವರದಿಯ ದೃಢೀಕೃತ ಪ್ರತಿಗೆ ಅರ್ಜಿ ಹಾಕುವುದು. 9ನೇ ಆದೇಶದ 13ನೇ ನಿಯಮದಡಿ ಡಿಕ್ರಿ ರದ್ದತಿಗೆ 30 ದಿನಗಳ ಗಡುವಿದೆ. ಅದು ಡಿಕ್ರಿಯ ದಿನದಿಂದ ಆರಂಭವಾಗುತ್ತದೆ, ಸಮನ್ಸ್ ಸರಿಯಾಗಿ ಜಾರಿಯೇ ಆಗಿರದಿದ್ದರೆ ವಿಷಯ ತಿಳಿದ ದಿನದಿಂದ. ಪತ್ರಿಕಾ ಪ್ರಕಟಣೆಯಂಥ ಬದಲಿ ಜಾರಿಯನ್ನು ಈ ಗಡುವಿನ ಮಟ್ಟಿಗೆ ಸರಿಯಾದ ಜಾರಿಯೆಂದು ಎಣಿಸುವುದಿಲ್ಲ. ತಡವಾಗಿದ್ದರೆ ವಿಳಂಬ ಮನ್ನಾ ಅರ್ಜಿಯನ್ನು ಜೊತೆಗೇ ಹಾಕಿ, ಅಂಚೆ ಲಕೋಟೆ, ಮನೆ ಬದಲಿಸಿದ ದಾಖಲೆ, ಆಸ್ಪತ್ರೆಯ ಕಾಗದಗಳನ್ನು ಲಗತ್ತಿಸಿ.

ಸಮನ್ಸ್ ಜಾರಿಯಲ್ಲಿ ಸಣ್ಣ ಲೋಪವಿದ್ದ ಮಾತ್ರಕ್ಕೆ ಡಿಕ್ರಿ ರದ್ದಾಗದು. ವಿಚಾರಣೆಯ ದಿನ ನಿಮಗೆ ತಿಳಿದಿತ್ತು, ಹಾಜರಾಗಲು ಸಮಯವೂ ಇತ್ತು ಎಂದಾದರೆ ಅರ್ಜಿ ಬೀಳುತ್ತದೆ. 37ನೇ ಆದೇಶದ ಡಿಕ್ರಿಗೆ ನಿಯಮವೇ ಬೇರೆ, ಅಲ್ಲಿ ವಿಶೇಷ ಸಂದರ್ಭ ಇತ್ತೆಂದು ತೋರಿಸುವುದರ ಜೊತೆಗೆ ನಿಮ್ಮ ಪ್ರತಿವಾದದಲ್ಲಿ ತಿರುಳಿದೆ ಎಂಬುದನ್ನೂ ಮನಗಾಣಿಸಬೇಕು.

ಮೇಲ್ಮನವಿಯ ದಾರಿಯೂ ಇದೆ: ಜಿಲ್ಲಾ ನ್ಯಾಯಾಲಯಕ್ಕೆ 30 ದಿನ, ಹೈಕೋರ್ಟಿಗೆ 90 ದಿನ. ಮೇಲ್ಮನವಿ ಹಾಕಿದ ಮಾತ್ರಕ್ಕೆ ಡಿಕ್ರಿಯ ಜಾರಿ ನಿಲ್ಲುವುದಿಲ್ಲ, ತಡೆಯಾಜ್ಞೆ ಬೇರೆಯಾಗಿ ಕೇಳಬೇಕು, ಅದಕ್ಕೆ ಮೊತ್ತದ ಒಂದು ಭಾಗವನ್ನು ಠೇವಣಿ ಇಡಲು ಹೇಳುವುದು ರೂಢಿ.

ಹಂತ 9: ಅಮಲ್ಜಾರಿಯಲ್ಲಿ ಏನನ್ನು ಮುಟ್ಟುವಂತಿಲ್ಲ

ಡಿಕ್ರಿಯನ್ನು 12 ವರ್ಷಗಳವರೆಗೆ ಜಾರಿ ಮಾಡಬಹುದಾದ್ದರಿಂದ "ಮರೆತುಬಿಟ್ಟಿದ್ದಾರೆ" ಎಂಬ ಭರವಸೆ ಬೇಡ. ಆದರೆ ಸಂಹಿತೆಯ 60ನೇ ಕಲಮು ಕೆಲವನ್ನು ಜಪ್ತಿಯಿಂದ ಹೊರಗಿಟ್ಟಿದೆ: ಉಡುವ ಬಟ್ಟೆ, ಅಡುಗೆ ಪಾತ್ರೆ, ಹಾಸಿಗೆ, ಕುಶಲಕರ್ಮಿಯ ಉಪಕರಣಗಳು, ಕೃಷಿಕರ ಜೀವನಾಧಾರದ ಉಪಕರಣ, ಜಾನುವಾರು ಮತ್ತು ಬಿತ್ತನೆ ಬೀಜ, ಧಾರ್ಮಿಕ ರೂಢಿಯಂತೆ ಮಹಿಳೆ ತೆಗೆಯಲಾಗದ ಆಭರಣ, ಪಿಂಚಣಿ, ಗ್ರಾಚ್ಯುಟಿ, ಭವಿಷ್ಯ ನಿಧಿ. ಜಪ್ತಿಗೆ ಬರುವ ನ್ಯಾಯಾಲಯದ ಸಿಬ್ಬಂದಿಯಾದ ಅಮೀನರು ಬಂದಾಗ ಜಗಳಕ್ಕಿಳಿಯದೆ ಈ ವಸ್ತುಗಳ ಪಟ್ಟಿಯನ್ನು ಲಿಖಿತವಾಗಿ ಕೊಟ್ಟು, ನ್ಯಾಯಾಲಯದಲ್ಲಿ ಆಕ್ಷೇಪಣೆ ಸಲ್ಲಿಸಿ.

ಸಂಬಳದಲ್ಲಿ ಮೊದಲ 1,000 ರೂಪಾಯಿ ಮತ್ತು ಉಳಿದದ್ದರ ಮೂರನೇ ಎರಡು ಭಾಗಕ್ಕೆ ರಕ್ಷಣೆ ಇದೆ. ಲೆಕ್ಕಕ್ಕೆ ಬರುವ ಸಂಬಳ 40,000 ಆದರೆ 39,000ದ ಮೂರನೇ ಒಂದು ಭಾಗ, ಅಂದರೆ 13,000 ಮಾತ್ರ ಜಪ್ತಿಯಾಗಬಹುದು. ಒಂದೇ ಡಿಕ್ರಿಗೆ ಒಟ್ಟು 24 ತಿಂಗಳು ಹೀಗೆ ಕಡಿತವಾದರೆ, ಆ ಡಿಕ್ರಿಗಾಗಿ ಸಂಬಳವನ್ನು ಮತ್ತೆ ಜಪ್ತಿ ಮಾಡುವಂತಿಲ್ಲ. ಕಚೇರಿಯ ಲೆಕ್ಕ ವಿಭಾಗ ಇದನ್ನು ತಾನಾಗಿ ನಿಲ್ಲಿಸುತ್ತದೆಂದು ಕಾಯದೆ ತಿಂಗಳುಗಳನ್ನು ನೀವೇ ಎಣಿಸಿ.

ಬಂಧನದ ಭಯವೇ ಜನರನ್ನು ಕಂಡಕಂಡ ಷರತ್ತಿಗೆ ಒಪ್ಪಿಸುತ್ತದೆ. ಹಣದ ಡಿಕ್ರಿಗೆ ಮಹಿಳೆಯರನ್ನು ಬಂಧಿಸುವಂತಿಲ್ಲ. ಪುರುಷರನ್ನೂ ಬಡತನದ ಕಾರಣಕ್ಕೆ ಸೆರೆಗೆ ಹಾಕುವಂತಿಲ್ಲ, ಕೊಡುವ ಶಕ್ತಿ ಇದ್ದೂ ದುರುದ್ದೇಶದಿಂದ ಕೊಡದಿರುವುದು ಸಾಬೀತಾಗಬೇಕೆಂದು 1980ರಲ್ಲಿಯೇ ಸುಪ್ರೀಂ ಕೋರ್ಟ್ ಹೇಳಿದೆ. ಆದರೆ ಕಾರಣ ಕೇಳುವ ನೋಟಿಸು ಬಂದ ದಿನ ಹಾಜರಾಗಿ ಆದಾಯ, ಅವಲಂಬಿತರು, ಆಸ್ತಿ ಇವುಗಳ ನಿಜವಾದ ವಿವರವನ್ನು ಪ್ರಮಾಣಪತ್ರದಲ್ಲಿ ಕೊಡದಿದ್ದರೆ ಈ ರಕ್ಷಣೆ ಕೈತಪ್ಪುತ್ತದೆ. ದಾವೆ ನಡೆಯುವಾಗ ಆಸ್ತಿಯನ್ನು ಸಂಬಂಧಿಕರ ಹೆಸರಿಗೆ ಬರೆದುಕೊಡುವುದು ದುರುದ್ದೇಶಕ್ಕೆ ನೀವೇ ಒದಗಿಸುವ ಪುರಾವೆ.

ಹಣ ಕಟ್ಟುವುದಾದರೆ ನ್ಯಾಯಾಲಯದಲ್ಲಿ ಠೇವಣಿ ಇಡಿ. ಹೊರಗೆ ಡಿಕ್ರಿದಾರನ ಕೈಗೆ ಕೊಟ್ಟದ್ದನ್ನು ಅವನು ನ್ಯಾಯಾಲಯಕ್ಕೆ ತಿಳಿಸದಿದ್ದರೆ, ಅಮಲ್ಜಾರಿ ನ್ಯಾಯಾಲಯ ಆ ಪಾವತಿಯನ್ನು ಪರಿಗಣಿಸುವುದಿಲ್ಲ. ಹಾಗೆ ಕೊಟ್ಟಿದ್ದರೆ 30 ದಿನಗಳೊಳಗೆ 21ನೇ ಆದೇಶದ 2ನೇ ನಿಯಮದಡಿ ಅದನ್ನು ದಾಖಲಿಸಿಕೊಳ್ಳುವಂತೆ ನೀವೇ ಅರ್ಜಿ ಹಾಕಬೇಕು. ಕೊನೆಯ ಕಂತಿನ ಬಳಿಕ ಡಿಕ್ರಿ ಪೂರ್ತಿ ತೀರಿದೆ ಎಂಬ ಆದೇಶದ ದೃಢೀಕೃತ ಪ್ರತಿ ಪಡೆದು, ಅದನ್ನು ಲಗತ್ತಿಸಿ ಕ್ರೆಡಿಟ್ ಮಾಹಿತಿ ಸಂಸ್ಥೆಗೂ ಸಾಲ ಕೊಟ್ಟ ಸಂಸ್ಥೆಗೂ ತಿದ್ದುಪಡಿ ಕೋರಿ ಬರೆಯಿರಿ. ದೂರು 30 ದಿನಗಳಲ್ಲಿ ಇತ್ಯರ್ಥವಾಗದಿದ್ದರೆ ದಿನಕ್ಕೆ 100 ರೂಪಾಯಿಯಂತೆ ಪರಿಹಾರ ಕೇಳಲು ರಿಸರ್ವ್ ಬ್ಯಾಂಕಿನ ನಿಯಮದಲ್ಲಿ ಅವಕಾಶವಿದೆ.